ಹೆಗಲು ಮುಟ್ಟಿ ನೋಡಿಕೊಂಡದ್ದು

ಪತ್ತೇದಾರಿ ಕಾದಂಬರಿಗಳನ್ನು ಓದುವುದು ಬಿಟ್ಟು ಬಹಳ ವರ್ಷಗಳಾದವು, ಈಗ ಕೇಳುತ್ತೇನೆ. ಕೆಲಸಕ್ಕೆ ಹೋಗುವಾಗ ಕಾರಿನಲ್ಲಿ ಅರ್ಧ ಗಂಟೆ, ಬರುವಾಗ ಅರ್ಧ ಗಂಟೆ, ರಾತ್ರಿ ಪಾತ್ರೆ ತೊಳೆಯುವಾಗ ಇನ್ನೊಂದಿಷ್ಟು. ಪುಸ್ತಕವಾದರೆ ತಡೆಯಲಾರದೆ ಕೊನೆಯ ಪುಟ ತಿರುವಿ ನೋಡಬಹುದು. ಕೇಳುವಾಗ ಆ ಕಳ್ಳದಾರಿ ಅಷ್ಟು ಸುಲಭವಲ್ಲ. ಹೇಳುವವರು ಹೇಳಿದಷ್ಟೇ, ಹೇಳಿದ ಹೊತ್ತಿಗೇ. ಚಿಕ್ಕಂದಿನಲ್ಲಿ ಹರಿಕಥೆ ಕೇಳುತ್ತ ಕೂತಾಗ ದಾಸರು ಸರಿಯಾದ ಜಾಗದಲ್ಲಿ ಕಥೆ ನಿಲ್ಲಿಸಿ ಹಾರ್ಮೋನಿಯಂ ಕಡೆ ತಿರುಗಿದರೆ ಹೇಗೆ ಚಡಪಡಿಸುತ್ತಿದ್ದೆವೋ ಹಾಗೆಯೇ ಈಗಲೂ. ಸಿಗ್ನಲ್ ಹಸಿರಾದದ್ದೂ ತಿಳಿಯದೆ ಹಿಂದಿನ ಕಾರಿನವರಿಂದ ಹಾರ್ನ್ ಹಾಕಿಸಿಕೊಂಡಿದ್ದೇನೆ.

ನಾನಿರುವುದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ. 2011ರ ಭೂಕಂಪದಲ್ಲಿ ನಲುಗಿದ ಊರು ಇದು. ಆಗ ಮುಚ್ಚಿಹೋದ ಕೇಂದ್ರ ಗ್ರಂಥಾಲಯದ ಬದಲಿಗೆ 2018ರಲ್ಲಿ ಕೆಥೆಡ್ರಲ್ ಚೌಕದ ಬಳಿ 'ತೂರಂಗಾ' ಎಂಬ ಹೊಸ ಗ್ರಂಥಾಲಯ ತೆರೆಯಿತು. ಅಲ್ಲಿ ಪತ್ತೇದಾರಿ ಕಥೆಗಳ ಸಾಲಿನಲ್ಲಿ ಕಣ್ಣಿಗೆ ಬಿದ್ದ ಹೆಸರು ನೈಯೊ ಮಾರ್ಷ್. ನೈಯೊ ಎಂಬುದು ಈ ದೇಶದ ಒಂದು ಮರದ ಹೆಸರು, ಮಾವೊರಿ ಭಾಷೆಯದು. ಆಕೆ ಹುಟ್ಟಿದ್ದು ಇದೇ ಊರಿನಲ್ಲಿ, 1895ರಲ್ಲಿ. ತೀರಿಕೊಂಡದ್ದೂ ಇಲ್ಲೇ, 1982ರಲ್ಲಿ. ಕ್ಯಾಶ್ಮಿಯರ್ ಗುಡ್ಡದ ಮೇಲೆ ಆಕೆ ಬಾಳಿದ ಮನೆ ಈಗ ವಸ್ತುಸಂಗ್ರಹಾಲಯ. ಬರೆದದ್ದು 32 ಪತ್ತೇದಾರಿ ಕಾದಂಬರಿಗಳು. ಆದರೆ ಜೀವ ಇದ್ದದ್ದು ನಾಟಕದಲ್ಲಿ. ಯೌವನದಲ್ಲಿ ಆಲನ್ ವಿಲ್ಕಿಯ ಷೇಕ್ಸ್‌ಪಿಯರ್ ನಾಟಕ ಕಂಪನಿಯ ಜೊತೆ ಊರೂರು ತಿರುಗಿ ಪಾತ್ರ ಮಾಡಿದವಳು. ಮುಂದೆ ಇಲ್ಲಿನ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ವರ್ಷಗಟ್ಟಲೆ ಷೇಕ್ಸ್‌ಪಿಯರ್ ಆಡಿಸಿದವಳು. ತನ್ನ ಪತ್ತೇದಾರನಿಗೆ ರಾಡರಿಕ್ ಅಲೆನ್ ಎಂದು ಹೆಸರಿಟ್ಟದ್ದೂ ಎಲಿಜಬೆತ್ ರಾಣಿಯ ಕಾಲದ ಎಡ್ವರ್ಡ್ ಅಲೆನ್ ಎಂಬ ನಟನ ನೆನಪಿಗೆ. ಹಾಗಾಗಿ ಆಕೆಯ ಕೊಲೆಗಳು ಮತ್ತೆ ಮತ್ತೆ ರಂಗದ ಮೇಲೆ, ಪರದೆಯ ಹಿಂದೆ, ಬಣ್ಣದ ಮನೆಯಲ್ಲಿ ನಡೆಯುತ್ತವೆ.

ನಾನು ಕೇಳಲು ತಂದದ್ದು 1935ರ 'ಎಂಟರ್ ಎ ಮರ್ಡರರ್'. ಹೆಸರೇ ನಾಟಕದ ಹಸ್ತಪ್ರತಿಯ ಸೂಚನೆಯಂತಿದೆ: ಕೊಲೆಗಾರನ ಪ್ರವೇಶ. ಲಂಡನ್ನಿನ ಯೂನಿಕಾರ್ನ್ ಎಂಬ ಕಲ್ಪಿತ ರಂಗಮಂದಿರ. ನಾಟಕದ ಕೊನೆಯ ಭಾಗದಲ್ಲಿ ಒಂದು ಪಾತ್ರ ಇನ್ನೊಂದನ್ನು ಗುಂಡಿಟ್ಟು ಕೊಲ್ಲಬೇಕು. ಅದಕ್ಕೆಂದು ಮೇಜಿನ ಡ್ರಾಯರಿನಲ್ಲಿ ಸುಳ್ಳು ತೋಟಾಗಳನ್ನು ಇಟ್ಟಿರುತ್ತಾರೆ. ಸಾಯಬೇಕಾದ ಪಾತ್ರದ ನಟ ಸರ್ಬೊನಾಡಿಯರ್ ತಾನೇ ಆ ಡ್ರಾಯರ್ ತೆರೆದು ರಿವಾಲ್ವರಿಗೆ ತೋಟಾ ತುಂಬುತ್ತಾನೆ. ಎಳೆದಾಟದಲ್ಲಿ ಅದು ಗಾರ್ಡನರ್ ಎಂಬ ನಟನ ಕೈಗೆ ಬರುತ್ತದೆ, ಅವನು ಕುದುರೆ ಎಳೆಯುತ್ತಾನೆ. ಢಂ ಎಂಬ ಸದ್ದು ಬರಬೇಕಾದದ್ದು ಪರದೆಯ ಹಿಂದಿನಿಂದ. ಆ ರಾತ್ರಿ ಮಾತ್ರ ಡ್ರಾಯರಿನಲ್ಲಿ ಯಾರೋ ನಿಜವಾದ ತೋಟಾಗಳನ್ನು ಇಟ್ಟಿದ್ದಾರೆ. ನಟ ಬೀಳುತ್ತಾನೆ. ಪ್ರೇಕ್ಷಕರು ಎಂಥ ಅಭಿನಯ ಎಂದುಕೊಳ್ಳುತ್ತಾರೆ. ಆ ಪ್ರೇಕ್ಷಕರ ನಡುವೆ ಪತ್ರಕರ್ತ ಗೆಳೆಯನ ಜೊತೆ ನಾಟಕ ನೋಡಲು ಬಂದ ಅಲೆನ್ ಸಾಹೇಬರೂ ಇದ್ದಾರೆ.

ಈ ಕಥೆಯನ್ನು ನಾನೊಬ್ಬಳೇ ಕೇಳಲಿಲ್ಲ. ಮೈಸೂರಿನಲ್ಲಿರುವ ನನ್ನ ಅಮ್ಮನಿಗೆ ಈಗ ಕಣ್ಣು ಮಂಜು, ಅಕ್ಷರ ಹಿಡಿಯುವುದಿಲ್ಲ. ಒಂದು ಕಾಲದಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಸಾಹಸಗಳನ್ನು ಬಾಡಿಗೆ ಪುಸ್ತಕದ ಅಂಗಡಿಯಿಂದ ತಂದು, ಅಜ್ಜಿಗೆ ಕಾಣದಂತೆ ಒಲೆಯ ಮುಂದೆ ಓದಿ, ಎಷ್ಟೋ ಸಲ ಹಾಲು ಉಕ್ಕಿಸಿದವಳು. ಆದ್ದರಿಂದ ಪ್ರತಿ ಭಾನುವಾರ ಇಲ್ಲಿ ರಾತ್ರಿ ಒಂಬತ್ತಕ್ಕೆ, ಅಂದರೆ ಅಲ್ಲಿ ಮಧ್ಯಾಹ್ನ ಎರಡೂವರೆಗೆ, ಆ ವಾರ ನಾನು ಕೇಳಿದಷ್ಟನ್ನು ಫೋನಿನಲ್ಲಿ ಕನ್ನಡದಲ್ಲಿ ಹೇಳುವ ಒಪ್ಪಂದವಾಯಿತು. ಹೆಸರುಗಳು ಅಮ್ಮನ ನಾಲಿಗೆಗೆ ಹೊರಳಲಿಲ್ಲ. ಸರ್ಬೊನಾಡಿಯರ್ ಎರಡನೇ ವಾರಕ್ಕೆ ಸುಬ್ಬಣ್ಣನಾದ. ಗಾರ್ಡನರ್ 'ತೋಟದವನು'. ಅಲೆನ್ ಸಾಹೇಬರಂತೂ 'ಅಳಿಯಂದಿರು'. "ಅಳಿಯಂದಿರು ಏನಂದ್ರೇ ಈ ವಾರ?" ಎಂದು ಅಮ್ಮ ಕೇಳಿದಾಗ ಪಕ್ಕದಲ್ಲಿದ್ದ ನನ್ನ ಗಂಡ, ತನ್ನನ್ನೇ ವಿಚಾರಿಸುತ್ತಿದ್ದಾರೆಂದು ನೆಟ್ಟಗೆ ಕೂತದ್ದೂ ಉಂಟು.

ಕೊಲೆಯ ಕಥೆಯನ್ನು ಇಷ್ಟು ಲಘುವಾಗಿ, ಇಷ್ಟು ಸಂತೋಷದಿಂದ ಹೇಳುವುದು ಕೇಳುವುದು ಸರಿಯೇ ಎಂಬ ಪ್ರಶ್ನೆ ಹೊಸದಲ್ಲ. ನಮ್ಮ ನಾಟ್ಯಶಾಸ್ತ್ರದ ಪರಂಪರೆ ರಂಗದ ಮೇಲೆ ಸಾವನ್ನು ತೋರಿಸುವುದಕ್ಕೇ ಹಿಂಜರಿಯಿತು. ಯುದ್ಧ, ಮರಣಗಳನ್ನು ಪಾತ್ರಗಳ ಮಾತಿನಲ್ಲಿ ತಿಳಿಸಿದರೆ ಸಾಕೆಂದಿತು. ಭಾಸನ 'ಊರುಭಂಗ'ದ ದುರ್ಯೋಧನ ರಂಗದ ಮೇಲೆಯೇ ಪ್ರಾಣ ಬಿಡುವುದು ಅಪರೂಪವಾದ್ದರಿಂದಲೇ ನಮಗೆ ನೆನಪು. ಇನ್ನು ರಸದ ವಿಚಾರ ಮಾಡಿದವರು ಹೇಳಿದ್ದೇನು? ನಾಟಕ ನೋಡುವಾಗಿನ ಭಯ ನನ್ನದೂ ಅಲ್ಲ, ಇನ್ನೊಬ್ಬನದೂ ಅಲ್ಲ, ಅದು ಸಾಧಾರಣೀಕರಣಗೊಂಡದ್ದು. ಅದಕ್ಕೇ ಅದು ಕಹಿಯಾಗದೆ ಆಸ್ವಾದ್ಯವಾಗುತ್ತದೆ. ಆದರೆ ಯೂನಿಕಾರ್ನ್ ರಂಗಮಂದಿರದ ಆ ಪ್ರೇಕ್ಷಕರ ಸ್ಥಿತಿಯನ್ನು ಯೋಚಿಸಿ. ಅವರು ನಿಜವಾದ ಸಾವನ್ನು ರಸವೆಂದು ಸವಿದರು. ಅವರು ತಪ್ಪು ಮಾಡಲಿಲ್ಲ, ಅವರಿಗೆ ಗೊತ್ತಿರಲಿಲ್ಲ. ಆದರೂ ಮರುದಿನ ಬೆಳಿಗ್ಗೆ ಪತ್ರಿಕೆ ಓದಿದ ಮೇಲೆ ಅವರಿಗೆ ತಮ್ಮ ಹಿಂದಿನ ರಾತ್ರಿಯ ರೋಮಾಂಚನ ನೆನಪಾಗಿ ಮೈ ಮುದುಡಿರಬೇಡವೇ? ಗೊತ್ತಿಲ್ಲದೆ ಮಾಡಿದ್ದಕ್ಕೆ ದೋಷವಿಲ್ಲ ಎಂದು ಬುದ್ಧಿ ಹೇಳುತ್ತದೆ, ಮೈ ಒಪ್ಪುವುದಿಲ್ಲ.

ಕವಿ ಆಡನ್ 1948ರಲ್ಲಿ ಪತ್ತೇದಾರಿ ಕಥೆಗಳ ಬಗ್ಗೆ ಒಂದು ಪ್ರಬಂಧ ಬರೆದ. ಅವು ತನಗೆ ತಂಬಾಕಿನಂಥ ಚಟ ಎಂದು ಒಪ್ಪಿಕೊಂಡೇ ಆತ ಶುರುಮಾಡುತ್ತಾನೆ. ಆತನ ವಾದದ ಸಾರ ಇಷ್ಟು: ಇಂಥ ಕಥೆಗಳಿಗೆ ಅಂಟಿಕೊಳ್ಳುವವರು ಒಳಗೊಳಗೇ ಯಾವುದೋ ಅಪರಾಧಪ್ರಜ್ಞೆಯಿಂದ ಬಳಲುವವರು. ಕಥೆಯಲ್ಲಿ ಎಲ್ಲರ ಮೇಲೂ ಸಂಶಯ ಹರಡುತ್ತದೆ. ಕೊನೆಗೆ ಪತ್ತೇದಾರ ಒಬ್ಬನನ್ನು ತೋರಿಸುತ್ತಾನೆ. ಆ ಕ್ಷಣ ಉಳಿದವರೆಲ್ಲ ಶುದ್ಧರಾಗುತ್ತಾರೆ, ಅವರ ಜೊತೆ ಓದುಗನೂ. ನಮ್ಮ ಗಾದೆ ಇದನ್ನೇ ಚುಟುಕಾಗಿ ಹೇಳಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಪತ್ತೇದಾರಿ ಕಾದಂಬರಿಯ ಕೊನೆಯ ಅಧ್ಯಾಯ ಎಂದರೆ ನಾವೆಲ್ಲ ಹೆಗಲು ಮುಟ್ಟಿ ನೋಡಿಕೊಂಡು, ಬೂದಿ ಅಂಟಿಲ್ಲ ಎಂದು ನಿಟ್ಟುಸಿರು ಬಿಡುವ ಜಾಗ.

ಆ ನಿಟ್ಟುಸಿರಿಗೆ ಒಂದು ಬೆಲೆಯೂ ಇತ್ತು ಎಂಬುದನ್ನು ಮರೆಯಬಾರದು. 1935ರ ಇಂಗ್ಲೆಂಡಿನಲ್ಲಿ 'ಇವನೇ' ಎಂದು ಬೆರಳು ತೋರಿಸುವುದೆಂದರೆ ಗಲ್ಲಿಗೆ ದಾರಿ ತೋರಿಸುವುದು. ಅಲ್ಲಿ ಕೊಲೆಗೆ ಗಲ್ಲು ನಿಂತದ್ದು 1965ರಲ್ಲಿ. ಈ ನ್ಯೂಜಿಲೆಂಡಿನಲ್ಲಿ 1961ರಲ್ಲಿ. ಆ ಕಾಲದ ಕಾದಂಬರಿಗಳ ಪರದೆ ಸಾಮಾನ್ಯವಾಗಿ ಗಲ್ಲಿನ ಬೆಳಗಿಗೆ ಮುಂಚೆಯೇ ಬೀಳುತ್ತದೆ. ಭರತಮುನಿಯ ಸಂಕೋಚವನ್ನು ಇವರೂ ಇನ್ನೊಂದು ರೀತಿಯಲ್ಲಿ ಪಾಲಿಸಿದರು ಅನ್ನಬೇಕು. ಒಂದು ಸಾವನ್ನು ರಂಗದ ನಟ್ಟನಡುವೆ ತೋರಿಸಿ, ಎರಡನೆಯದನ್ನು ಪರದೆಯ ಹಿಂದಿಟ್ಟರು.

ಇಂಥ ಯೋಚನೆಗಳೆಲ್ಲ ಕಾರು ಓಡಿಸುವಾಗ ಸಲೀಸಾಗಿ ಬರುತ್ತಿದ್ದವು. ಇವುಗಳಿಂದ ನನಗೇನೂ ಕಷ್ಟವಿರಲಿಲ್ಲ. ಕಷ್ಟ ಬಂದದ್ದು ಅಮ್ಮನ ಒಂದು ಪ್ರಶ್ನೆಯಿಂದ.

ಕೊಲೆ ನಡೆದ ಅಧ್ಯಾಯ ಹೇಳಿ ಮುಗಿಸಿದ್ದೆ. ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ತೋಟಾ ಬದಲಾಯಿಸಿದವರು ಯಾರು ಎಂದು ಊಹಿಸುತ್ತಾಳೆ ಅಂದುಕೊಂಡೆ. ಅವಳು ಕೇಳಿದ್ದು ಬೇರೆ. "ಅಲ್ವೇ, ಆ ತೋಟದವನು ಆ ರಾತ್ರಿ ಊಟ ಮಾಡಿದ್ನೇನೇ?"

"ಅದನ್ನೆಲ್ಲ ಬರೆದಿಲ್ಲಮ್ಮ" ಎಂದೆ.

"ಬರೀಬೇಕಿತ್ತು. ಗುಂಡು ಇಟ್ಟವನು ಯಾರಾದ್ರೂ ಆಗಲಿ, ಹಾರಿಸಿದ್ದು ಇವನ ಕೈ ತಾನೆ. ಕೈ ತೊಳ್ಕೊಂಡು ತಟ್ಟೆ ಮುಂದೆ ಹೇಗೆ ಕೂತಾನು?"

ಗಾರ್ಡನರ್ ನಿಜವಾಗಿಯೂ ಏನೂ ಅರಿಯದವನೇ, ಅಲ್ಲವೇ ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಓದಬೇಕೆಂದಿರುವವರ ಶಾಪ ನನಗೇಕೆ? ಆದರೆ ಕಥೆಯ ಆ ಹಂತದಲ್ಲಿ ನಮ್ಮ ಮುಂದೆ ಮೂರು ಕೈಗಳಿವೆ: ಡ್ರಾಯರಿನಲ್ಲಿ ತೋಟಾ ಇಟ್ಟ ಕೈ, ರಿವಾಲ್ವರಿಗೆ ತುಂಬಿದ ಕೈ, ಕುದುರೆ ಎಳೆದ ಕೈ. ತುಂಬಿದ ಕೈ ಸತ್ತವನದೇ. ಕಾದಂಬರಿಗೆ ಬೇಕಾದದ್ದು ಮೊದಲನೆಯ ಕೈ. ಕಾನೂನಿಗೆ ಬೇಕಾದದ್ದೂ ಅದೇ. ಏನೂ ತಿಳಿಯದ ಒಬ್ಬನನ್ನು ಸಾಧನವಾಗಿ ಬಳಸಿದವನೇ ಕೊಲೆಗಾರ ಎನ್ನುತ್ತದೆ ಇಂಗ್ಲಿಷ್ ಕಾನೂನು. ಅಮ್ಮನ ಮನಸ್ಸು ಮಾತ್ರ ಕೊನೆಯ ಕೈಯ ಹತ್ತಿರ ನಿಂತುಬಿಟ್ಟಿತ್ತು.

ಇದು ಬರೀ ಕಥೆಯಲ್ಲಿ ನಡೆಯುವ ಮಾತೂ ಅಲ್ಲ. 2021ರ ಅಕ್ಟೋಬರ್‌ನಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ 'ರಸ್ಟ್' ಎಂಬ ಚಿತ್ರದ ತಯಾರಿಯ ವೇಳೆ ನಟ ಆಲೆಕ್ ಬಾಲ್ಡ್ವಿನ್ ಕೈಯಲ್ಲಿದ್ದ ರಿವಾಲ್ವರಿನಿಂದ ಗುಂಡು ಹಾರಿ ಛಾಯಾಗ್ರಾಹಕಿ ಹಲೀನಾ ಹಚಿನ್ಸ್ ಸತ್ತರು, ನಿರ್ದೇಶಕ ಗಾಯಗೊಂಡರು. ಸುಳ್ಳು ತೋಟಾಗಳ ಜಾಗದಲ್ಲಿ ಒಂದು ನಿಜವಾದದ್ದು ಸೇರಿತ್ತು. ಬಂದೂಕಿನಲ್ಲಿ ಅಪಾಯವೇನಿಲ್ಲ ಎಂದು ಸೆಟ್ಟಿನಲ್ಲಿ ಕೂಗಿ ಹೇಳಲಾಗಿತ್ತು. ಬಂದೂಕುಗಳ ಹೊಣೆ ಹೊತ್ತಿದ್ದ ತರುಣಿಗೆ 2024ರಲ್ಲಿ 18 ತಿಂಗಳ ಶಿಕ್ಷೆಯಾಯಿತು. ತಾನು ಕುದುರೆ ಎಳೆಯಲೇ ಇಲ್ಲ ಎನ್ನುತ್ತ ಬಂದ ನಟನ ಮೇಲಿನ ಮೊಕದ್ದಮೆ, ಸಾಕ್ಷ್ಯವನ್ನು ಪ್ರತಿವಾದಿಗಳಿಗೆ ಒದಗಿಸಿಲ್ಲವೆಂಬ ಕಾರಣಕ್ಕೆ ಅದೇ ವರ್ಷ ವಿಚಾರಣೆಯ ನಡುವೆಯೇ ವಜಾ ಆಯಿತು. ನೈಯೊ ಮಾರ್ಷ್ ಕಲ್ಪಿಸಿದ ಡ್ರಾಯರ್ 86 ವರ್ಷಗಳ ನಂತರ ನಿಜವಾಗಿಯೇ ತೆರೆದುಕೊಂಡಿತ್ತು. ವ್ಯತ್ಯಾಸ ಇಷ್ಟೇ: ಇಲ್ಲಿ ಕೊಲ್ಲುವ ಉದ್ದೇಶದ ಕೈ ಒಂದೂ ಇರಲಿಲ್ಲ. ಅಸಡ್ಡೆ, ಅವಸರ, ನಂಬಿಕೆ, ಇಷ್ಟರಿಂದಲೇ ಒಂದು ಜೀವ ಹೋಗಿತ್ತು.

ಬರ್ನಾರ್ಡ್ ವಿಲಿಯಮ್ಸ್ ಎಂಬ ಇಂಗ್ಲಿಷ್ ತತ್ತ್ವಜ್ಞಾನಿ ಒಂದು ಉದಾಹರಣೆ ಕೊಡುತ್ತಾನೆ. ಲಾರಿಯವನೊಬ್ಬನ ಯಾವ ತಪ್ಪೂ ಇಲ್ಲದೆ ಮಗುವೊಂದು ಅವನ ಗಾಡಿಗೆ ಸಿಕ್ಕಿ ಸಾಯುತ್ತದೆ. ನೋಡಿದವರೆಲ್ಲರಿಗೂ ದುಃಖವಾಗುತ್ತದೆ; ಆದರೆ ಲಾರಿಯವನ ದುಃಖದ ಜಾತಿಯೇ ಬೇರೆ. ನಾವು ಅವನನ್ನು ಸಮಾಧಾನ ಮಾಡುತ್ತೇವೆ, ಮಾಡಲೇಬೇಕು. ಆದರೆ ಅವನು ತೀರ ಬೇಗ ಸಮಾಧಾನವಾಗಿಬಿಟ್ಟರೆ ನಮಗೆ ಅವನ ಮೇಲೆ ಏನೋ ಅನುಮಾನ ಬರುತ್ತದೆ. ಅಮ್ಮನ ಊಟದ ಪ್ರಶ್ನೆ ಈ ತತ್ತ್ವಜ್ಞಾನಿಯ ಪ್ರಶ್ನೆಯೇ. ಆತ ಕೇಂಬ್ರಿಜ್‌ನಲ್ಲಿ ಕೂತು ಕೇಳಿದ, ಇವಳು ಮೈಸೂರಿನ ಅಡುಗೆಮನೆಯ ಪಕ್ಕ ಕೂತು ಕೇಳಿದಳು.

ಆ ಭಾನುವಾರ ಫೋನ್ ಇಟ್ಟ ಮೇಲೆ ನನಗೆ ನಿದ್ದೆ ಹತ್ತಲಿಲ್ಲ. ಏಕೆಂದರೆ ಡ್ರಾಯರಿನಲ್ಲಿ ಒಂದು ವಸ್ತುವಿನ ಬದಲು ಇನ್ನೊಂದನ್ನು ಇಟ್ಟ ಕೈ ನನಗೆ ಗೊತ್ತಿತ್ತು. ಅದು ನನ್ನದೇ.

ಹದಿನೈದು ವರ್ಷಕ್ಕೂ ಹಿಂದಿನ ಮಾತು. ಆಗ ನಾವಿದ್ದದ್ದು ಬೇರೊಂದು ಊರಿನಲ್ಲಿ. ನನ್ನ ಬಿ.ಫಾರ್ಮ್ ಪದವಿಗೆ ಇಲ್ಲಿ ಮಾನ್ಯತೆ ಸಿಗಬೇಕಾದರೆ ಪರೀಕ್ಷೆಗಳಿದ್ದವು. ಅಲ್ಲಿಯವರೆಗೆ ಒಂದು ಆಸ್ಪತ್ರೆಯ ಔಷಧ ವಿಭಾಗದಲ್ಲಿ ಸಹಾಯಕಿ. ಕೈಗಾಡಿ ತಳ್ಳಿಕೊಂಡು ವಾರ್ಡುಗಳಿಗೆ ಹೋಗಿ, ಡ್ರಾಯರುಗಳಲ್ಲಿ ಕಡಿಮೆಯಾದ ಮಾತ್ರೆಗಳನ್ನು ತುಂಬಿ, ಹಾಳೆಯಲ್ಲಿ ನನ್ನ ಹೆಸರಿನ ಮೊದಲಕ್ಷರ ಹಾಕಿ ಬರುವುದು ಕೆಲಸ. ಒಂದು ಶುಕ್ರವಾರ ಸಂಜೆ, ಮಗಳನ್ನು ಶಿಶುವಿಹಾರದಿಂದ ಕರೆತರುವ ಹೊತ್ತು ಮೀರುತ್ತಿತ್ತು. ನಾಡಿಯ ವೇಗ ಇಳಿಸುವ ಒಂದು ಮಾತ್ರೆ, ಎರಡು ಪ್ರಮಾಣಗಳಲ್ಲಿ. ಒಂದೇ ಕಂಪನಿ, ಒಂದೇ ಬಣ್ಣದ ಡಬ್ಬಿ, ಅಂಕಿ ಮಾತ್ರ ಬೇರೆ. ಕಡಿಮೆ ಪ್ರಮಾಣದ ಡ್ರಾಯರಿನಲ್ಲಿ ನಾನು ಹೆಚ್ಚಿನ ಪ್ರಮಾಣದ್ದನ್ನು ಇಟ್ಟೆ.

ಆ ರಾತ್ರಿಯ ಪಾಳಿಯ ನರ್ಸ್ ಡ್ರಾಯರಿನ ಮೇಲಿನ ಚೀಟಿ ನೋಡಿದಳು, ಡಬ್ಬಿಯ ಅಂಕಿ ನೋಡಲಿಲ್ಲ. ಬೆಳಗಿನ ಜಾವ ಆ ವೃದ್ಧರು ತಲೆ ಸುತ್ತಿ ಬಚ್ಚಲಿನಲ್ಲಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ಪುಣ್ಯಕ್ಕೆ ಜೀವಕ್ಕೇನೂ ಆಗಲಿಲ್ಲ. ವಿಚಾರಣೆ ಆಯಿತು. ಕೊಡುವವರು ಡಬ್ಬಿ ಓದಿಯೇ ಕೊಡಬೇಕೆಂಬುದು ನಿಯಮ. ಹಾಗಾಗಿ ಪ್ರಶ್ನೆಗಳೆಲ್ಲ ಅವಳಿಗೆ. ಡ್ರಾಯರಿಗೆ ಆ ಡಬ್ಬಿ ಹೇಗೆ ಬಂತು ಎಂದು ಯಾರೂ ಕೇಳಲಿಲ್ಲ. ನನ್ನ ಮೊದಲಕ್ಷರವಿದ್ದ ಹಾಳೆ ವಾರದ ಕೊನೆಗೆ ಬೇರೆ ಹಾಳೆಗಳ ಜೊತೆ ರದ್ದಿಗೆ ಹೋಯಿತು. ಅವಳೂ ನನ್ನಂತೆ ಹೊರದೇಶದಿಂದ ಬಂದವಳು, ಕೆಲಸಕ್ಕೆ ವೀಸಾ ಕಟ್ಟಿಕೊಂಡವಳು. ಕೆಲವು ತಿಂಗಳು ಅವಳನ್ನು ಔಷಧ ಕೊಡುವ ಕೆಲಸದಿಂದ ದೂರವಿಟ್ಟರು. ಆಮೇಲೆ ಅವಳು ಆ ಊರನ್ನೇ ಬಿಟ್ಟು ಹೋದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರೆ. ನಾನು ಆ ಎತ್ತಾಗಿ ಕೊಟ್ಟಿಗೆಯಲ್ಲಿ ಸುಮ್ಮನೆ ಮೆಲುಕು ಹಾಕುತ್ತಿದ್ದೆ.

ಸುಳ್ಳು ಹೇಳಿದೆನೇ? ಇಲ್ಲ. ಯಾರೂ ಕೇಳಲಿಲ್ಲ, ನಾನು ಹೇಳಲಿಲ್ಲ. ಈ ವಾಕ್ಯದ ಮೇಲೆ ನಾನು ಇಷ್ಟು ವರ್ಷ ಬಾಳಿದೆ.

ಮುಂದೆ ಪರೀಕ್ಷೆ ಪಾಸಾಗಿ ಫಾರ್ಮಸಿಸ್ಟ್ ಆದಾಗ, ಜೇಮ್ಸ್ ರೀಸನ್ ಎಂಬ ಮನಃಶಾಸ್ತ್ರಜ್ಞನ ಮಾದರಿಯನ್ನು ತರಬೇತಿಯಲ್ಲಿ ಕಲಿಸಿದರು. ಆಸ್ಪತ್ರೆ, ವಿಮಾನ, ಕಾರ್ಖಾನೆ ಎಲ್ಲ ಕಡೆಯೂ ಅನಾಹುತ ತಡೆಯಲು ಹಲವು ಪದರಗಳಿರುತ್ತವೆ. ಪ್ರತಿ ಪದರದಲ್ಲೂ, ಸ್ವಿಸ್ ಚೀಸಿನ ಬಿಲ್ಲೆಯಲ್ಲಿರುವಂತೆ, ತೂತುಗಳು. ಎಲ್ಲ ತೂತುಗಳೂ ಒಂದೇ ಸಾಲಿಗೆ ಬಂದ ದಿನ ಅಪಾಯ ಆಚೆಗೆ ದಾಟಿಬಿಡುತ್ತದೆ. ಒಬ್ಬನ ಮೇಲೆ ಬೆರಳು ತೋರಿಸಿ ಪ್ರಯೋಜನವಿಲ್ಲ. ಡಬ್ಬಿಗಳು ಏಕೆ ಒಂದೇ ಥರ ಇದ್ದವು, ಪಾಳಿಯಲ್ಲಿ ಏಕೆ ಜನ ಕಡಿಮೆ ಇದ್ದರು, ಅದನ್ನು ಕೇಳಬೇಕು. ಈ ತಿಳಿವಳಿಕೆಯಿಂದ ಎಷ್ಟೋ ಜೀವಗಳು ಉಳಿದಿವೆ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ನಾನೇ ಈಗ ಅದನ್ನು ಹೊಸಬರಿಗೆ ಕಲಿಸುತ್ತೇನೆ. ಆದರೆ ಮೊದಲ ಸಲ ಅದನ್ನು ಕೇಳಿದ ದಿನ ನನಗಾದ ಸಂತೋಷ ಕಲಿತವಳ ಸಂತೋಷವಲ್ಲ. ಬಿಡುಗಡೆಯಾದವಳದು. ತಪ್ಪು ನನ್ನದಲ್ಲ, ವ್ಯವಸ್ಥೆಯದು!

ಈಗ ಯೋಚಿಸಿದರೆ, ಪತ್ತೇದಾರಿ ಕಥೆ ಮತ್ತು ಚೀಸಿನ ಬಿಲ್ಲೆ ಎರಡೂ ನನಗೆ ಒಂದೇ ಕೆಲಸ ಮಾಡಿಕೊಟ್ಟಿದ್ದವು. ಮೊದಲನೆಯದು ತಪ್ಪನ್ನೆಲ್ಲ ಒಬ್ಬನ ತಲೆಗೆ ಕಟ್ಟಿ ಮಿಕ್ಕವರನ್ನು ಮನೆಗೆ ಕಳಿಸುತ್ತದೆ. ಎರಡನೆಯದನ್ನು ನನ್ನಂಥವರು ಅಡ್ಡ ಹಿಡಿದುಕೊಂಡರೆ, ತಪ್ಪನ್ನು ಎಲ್ಲರಿಗೂ ಎಷ್ಟು ತೆಳ್ಳಗೆ ಬಳಿದುಬಿಡಬಹುದೆಂದರೆ ಯಾರ ಕೈಗೂ ಅಂಟುವುದಿಲ್ಲ. ಎರಡರ ನಡುವೆ ಒಂದು ಸಣ್ಣ ಜಾಗವಿದೆ. ಅಲ್ಲಿ ಕೇಳಬೇಕಾದ ಪ್ರಶ್ನೆ ಕೊಂದವರು ಯಾರು ಎಂಬುದಲ್ಲ, ವ್ಯವಸ್ಥೆ ಎಲ್ಲಿ ಸೋತಿತು ಎಂಬುದೂ ಅಲ್ಲ. ಇದರಲ್ಲಿ ನನ್ನ ಪಾಲೆಷ್ಟು ಎಂಬುದು. ಆಸ್ತಿ ಭಾಗವಾಗುವಾಗ ನಮ್ಮ ಪಾಲನ್ನು ಕಾಸು ಕಾಸಿಗೂ ಲೆಕ್ಕ ಹಾಕಿ ಕೇಳುತ್ತೇವೆ. ತಪ್ಪಿನ ಭಾಗವಾಗುವಾಗ ಮಾತ್ರ ಎಲ್ಲರೂ ದಾನಶೂರರು. ಡಬ್ಬಿ ಓದದಿದ್ದದ್ದು ಅವಳ ಪಾಲು. ಅದನ್ನು ಅವಳು ಸಹಿ ಹಾಕಿ ಒಪ್ಪಿಕೊಂಡಳು. ಡಬ್ಬಿ ಇಟ್ಟದ್ದು ನನ್ನ ಪಾಲು. ಸುಮ್ಮನಿದ್ದು ನನ್ನ ಪಾಲನ್ನೂ ಅವಳ ತಲೆಗೆ ಹೊರಿಸಿದ್ದು ಇನ್ನೊಂದು ಪಾಲು. ಮೊದಲನೆಯದು ಅವಸರದಲ್ಲಿ ಆದದ್ದು, ಒಂದು ಕ್ಷಣದ್ದು. ಎರಡನೆಯದನ್ನು ನಾನು ಎಚ್ಚರದಲ್ಲಿದ್ದು, ದಿನವೂ, ವರ್ಷಗಟ್ಟಲೆ ಮಾಡಿದೆ.

ಮುಂದಿನ ಭಾನುವಾರ ಅಳಿಯಂದಿರ ತನಿಖೆಯ ಮಾತು ಮುಗಿದ ಮೇಲೆ ನಾನೇ ಕೆದಕಿದೆ. "ತೋಟದವನು ಏನು ಮಾಡಬೇಕಿತ್ತು ಅಂತೀಯಮ್ಮ?" ಅಮ್ಮ ಯೋಚನೆಯನ್ನೇ ಮಾಡಲಿಲ್ಲ. "ದಶರಥ ಮಾಡಿದ ಹಾಗೆ ಮಾಡಬೇಕಿತ್ತು" ಎಂದಳು.

ಕಥೆ ಎಲ್ಲರಿಗೂ ಗೊತ್ತಿರುವುದೇ. ಕತ್ತಲಲ್ಲಿ ಕೊಡಕ್ಕೆ ನೀರು ತುಂಬುವ ಸದ್ದನ್ನು ಆನೆಯದೆಂದು ತಿಳಿದು ದಶರಥ ಬಾಣ ಬಿಟ್ಟ. ಅವನೂ ನನ್ನ ಹಾಗೆ ಕೇಳುವವನೇ. ಸದ್ದು ಕೇಳಿಯೇ ಗುರಿ ಹಿಡಿಯುವ ವಿದ್ಯೆ ಅವನದು. ಬಾಣ ತಗುಲಿದ್ದು ಕುರುಡು ತಂದೆತಾಯಿಯರ ಒಬ್ಬನೇ ಮಗನಿಗೆ. ಅಮ್ಮ ಹೇಳಿದ್ದು ಇಷ್ಟು: "ಅಲ್ಲಿ ಯಾರಿದ್ರೇ ನೋಡೋಕೆ? ಕಾಡು, ರಾತ್ರಿ. ಅಪ್ಪ ಅಮ್ಮ ಇಬ್ಬರಿಗೂ ಕಣ್ಣಿಲ್ಲ. ಕುದುರೆ ಹತ್ತಿ ಹೊರಟುಹೋಗಿದ್ರೆ ಯಾವ ಪತ್ತೇದಾರ ಹಿಡೀತಿದ್ದ? ಆದ್ರೂ ಕೊಡ ತಗೊಂಡು ಅವರ ಹತ್ರ ಹೋದ್ನಲ್ಲ."

ಅಮ್ಮನ ನಂತರ ನಾನು ವಾಲ್ಮೀಕಿಯ ಅನುವಾದ ತೆಗೆದು ನೋಡಿದೆ. ಎರಡು ವಿವರಗಳು ನನ್ನ ನೆನಪಿನಿಂದ ಜಾರಿಹೋಗಿದ್ದವು. ಒಂದು: ನೀನಾಗಿಯೇ ಬಂದು ಹೇಳದಿದ್ದರೆ ನಿನ್ನ ತಲೆ ನೂರು ಸಾವಿರ ಹೋಳಾಗುತ್ತಿತ್ತು ಎನ್ನುತ್ತಾನೆ ಆ ಮುದುಕ. ಹೇಳಿದ್ದರಿಂದ ಶಾಪವೇನೂ ತಪ್ಪಲಿಲ್ಲ, ಪುತ್ರಶೋಕದಿಂದಲೇ ಸಾಯಬೇಕಾಯಿತು. ಆದರೆ ಹೇಳಿದ್ದು ಲೆಕ್ಕಕ್ಕೆ ಬಂತು. ಇನ್ನೊಂದು: ಈ ಕಥೆಯನ್ನು ದಶರಥ ಕೌಸಲ್ಯೆಗೆ ಹೇಳುವುದು ರಾಮ ಕಾಡಿಗೆ ಹೋದ ಮೇಲೆ, ತಾನು ಸಾಯುವ ರಾತ್ರಿಯಲ್ಲಿ. ಹೇಳಲೇಬೇಕಾದವರಿಗೆ ಅಂದೇ ಹೇಳಿದವನಿಗೂ ಹೆಂಡತಿಗೆ ಹೇಳಲು ಒಂದು ಬದುಕು ಹಿಡಿಯಿತು.

ಆ ನರ್ಸ್‌ಳನ್ನು ಹುಡುಕುವುದು ಕಷ್ಟವಾಗಲಿಲ್ಲ. ಇಷ್ಟು ಸಣ್ಣ ದೇಶದಲ್ಲಿ ಹೊರಗಿನಿಂದ ಬಂದ ಆಸ್ಪತ್ರೆಯವರು ಒಬ್ಬರಿಗೊಬ್ಬರು ಹೇಗೋ ಗೊತ್ತಿರುತ್ತಾರೆ. ಎರಡು ಫೋನಿನಲ್ಲಿ ನಂಬರ್ ಸಿಕ್ಕಿತು. ಅದನ್ನು ಒತ್ತಲು ಮೂರು ವಾರ ಬೇಕಾಯಿತು. ನನ್ನ ಹೆಸರು ಹೇಳಿದಾಗ ಅವಳಿಗೆ ನೆನಪಾಗಲಿಲ್ಲ. ಕೈಗಾಡಿ ಎಂದಾಗ ನೆನಪಾಯಿತು. ನಾನು ಹೇಳಬೇಕಾದದ್ದನ್ನು ಹೇಳಿದೆ. ಬಹಳ ಹೊತ್ತು ಆ ಕಡೆ ಸದ್ದಿರಲಿಲ್ಲ.

ಅವಳು ಬೈಯಲಿಲ್ಲ. ಡಬ್ಬಿ ಓದಬೇಕಾದವಳು ತಾನೇ, ಅದರಲ್ಲಿ ಎರಡು ಮಾತಿಲ್ಲ ಎಂದಳು. ಆ ದಿನದಿಂದ ಇಂದಿನವರೆಗೂ ಪ್ರತಿ ಡಬ್ಬಿಯನ್ನು ಮೂರು ಸಲ ಓದುತ್ತೇನೆ, ಹೊಸ ಹುಡುಗಿಯರು ನಗುತ್ತಾರೆ ಎಂದಳು. ನನ್ನ ಮನಸ್ಸು ಸ್ವಲ್ಪ ಹಗುರಾಗುತ್ತಿತ್ತು. ಆಗ ಅವಳು ಕೇಳಿದಳು: "ಆಗಲೇ ಏಕೆ ಹೇಳಲಿಲ್ಲ? ನನಗೆ ಹುಚ್ಚು ಹಿಡಿಯುವುದೊಂದು ಬಾಕಿ ಇತ್ತು. ಸರಿಯಾದ ಡ್ರಾಯರನ್ನೇ ತೆಗೆದಿದ್ದೆ ಎಂದು ನನಗೆ ಖಚಿತವಾಗಿ ಗೊತ್ತಿತ್ತು. ಆದರೆ ಎಲ್ಲರೂ ನೀನು ಬೇರೆ ಡ್ರಾಯರ್ ತೆಗೆದಿರಬೇಕು ಎಂದರು. ಕೊನೆಗೆ ನಾನೂ ಹೌದೆಂದು ನಂಬಿದೆ."

ವೀಸಾ, ಮಗಳು, ಪರೀಕ್ಷೆ, ಗಂಡನಿಗೆ ಆಗ ಕೆಲಸವಿರಲಿಲ್ಲ, ಎಲ್ಲ ನಾಲಿಗೆಯ ತುದಿಗೆ ಬಂದವು. ಅವೆಲ್ಲವೂ ನಿಜ. ಅವಳಿಗೂ ವೀಸಾ ಇತ್ತು. "ಹೆದರಿದ್ದೆ" ಎಂದಷ್ಟೇ ಹೇಳಿದೆ. ಆಸ್ಪತ್ರೆಗೆ ಬರೆದು ತಿಳಿಸಲೇ ಎಂದು ಕೇಳಿದೆ. "ಬರೆಯಿರಿ" ಎಂದಳು. ಬೇಡ ಬಿಡಿ, ಹಳೆಯ ಮಾತು ಎನ್ನುತ್ತಾಳೆಂದು ಎಲ್ಲೋ ಆಸೆಪಟ್ಟಿದ್ದೆ ಎಂಬುದು ಆ ಕ್ಷಣದಲ್ಲಿ ನನಗೇ ಗೊತ್ತಾಯಿತು. ಬರೆದೆ. ದೂರು ಬಹಳ ಹಳೆಯದು, ಆದರೂ ನಿಮ್ಮ ಪತ್ರವನ್ನು ಆಕೆಯ ಕಡತಕ್ಕೆ ಸೇರಿಸಲಾಗುವುದು ಎಂದು ಎರಡು ಸಾಲಿನ ಉತ್ತರ ಬಂತು. ಅದರ ಪ್ರತಿಯನ್ನು ಅವಳಿಗೆ ಕಳಿಸಿದೆ. ಆಮೇಲೆ ಅವಳಿಂದ ಸುದ್ದಿಯಿಲ್ಲ. ಇರಬೇಕೆಂದು ನಿರೀಕ್ಷಿಸುವ ಹಕ್ಕೂ ನನಗಿಲ್ಲ.

ಇಷ್ಟು ತಡವಾಗಿ ಹೇಳಿದ್ದು ಅವಳಿಗಾಗಿಯೇ, ನನ್ನ ಹೊರೆ ಇಳಿಸಿಕೊಳ್ಳಲಿಕ್ಕೇ? ಈ ಪ್ರಶ್ನೆಯನ್ನು ಎಷ್ಟು ತಿರುವಿ ಹಾಕಿದರೂ ನನಗೆ ಬಗೆಹರಿದಿಲ್ಲ. ಮರೆತಿದ್ದ ಗಾಯವನ್ನು ಕೆದಕಿದಂತಾಗಲಿಲ್ಲವೇ ಎಂದು ನನ್ನ ಗಂಡ ಕೇಳಿದ್ದೂ ಸರಿಯೇ. ಆದರೆ ಅವಳು ಮರೆತಿರಲಿಲ್ಲ. ತನ್ನ ಕಣ್ಣನ್ನೇ ತಾನು ನಂಬದಂತೆ ಆಗಿತ್ತು ಅವಳಿಗೆ. ಸರಿಯಾದ ಡ್ರಾಯರನ್ನೇ ತೆಗೆದಿದ್ದಳು ಎಂಬ ಸಣ್ಣ ಸತ್ಯ ಅವಳ ಆಸ್ತಿ. ಅದು ಇಷ್ಟು ವರ್ಷ ನನ್ನ ಬಳಿ ಇತ್ತು. ನನ್ನ ಮನಸ್ಸು ಹಗುರಾಗುತ್ತದೋ ಇಲ್ಲವೋ ಎಂಬುದು ಬೇರೆ ಲೆಕ್ಕ. ಇನ್ನೊಬ್ಬರ ವಸ್ತುವನ್ನು ಹಿಂತಿರುಗಿಸಲು ಅದನ್ನು ನೋಡಿಕೊಂಡು ಕೂರಬೇಕಿಲ್ಲ.

ಕಾದಂಬರಿಯ ಕೊನೆಯ ಅಧ್ಯಾಯವನ್ನು ಅಮ್ಮನಿಗೆ ಹೇಳಿದ ರಾತ್ರಿ ಈ ಕಥೆಯನ್ನೂ ಹೇಳಿದೆ. ಅಳಿಯಂದಿರು ಕೊಲೆಗಾರನನ್ನು ಹಿಡಿದದ್ದಕ್ಕೆ ಅವಳು ತೃಪ್ತಿಯಿಂದ, "ನಾನು ಮೊದಲೇ ಅಂದುಕೊಂಡಿದ್ದೆ" ಎಂದಳು; ಅಂದುಕೊಂಡಿರಲಿಲ್ಲ ಎಂದು ನನಗೆ ಗೊತ್ತು. ನನ್ನ ಕಥೆ ಕೇಳಿ ಏನೂ ಅನ್ನಲಿಲ್ಲ. ಆ ಮುದುಕರ ಕೈ ಸರಿಹೋಯಿತೇ ಎಂದು ಕೇಳಿದಳು. ಹೋಯಿತು ಎಂದೆ. "ಅವರಿಗೂ ಹೇಳಬೇಕಿತ್ತು ಕಣೇ" ಎಂದಳು. ಅವರು ತೀರಿಕೊಂಡು ಎಷ್ಟೋ ವರ್ಷಗಳಾಗಿವೆ. ಅದು ನನಗೆ ಹೊಳೆದೇ ಇರಲಿಲ್ಲ.